ಕಾರಿನ ಹಾರ್ಡ್ ಡಿಸ್ಕ್‌ಗೆ ಬೀಗ ಬಿದ್ದಿದೆಯೇ? ಹಳೆಯ ಸೆಟ್ಟನ್ನು ಗುಜರಿಗೆ ಹಾಕುವ ಮುಂಚೆ ಇದನ್ನು ಓದಿ

ಹೋದ ವರ್ಷ ಆಟಿ (ಜುಲೈ-ಆಗಸ್ಟ್) ತಿಂಗಳಲ್ಲಿ ಕಾಸರಗೋಡಿನ ಪೆರ್ಲ ಕಡೆಯ ಮಾಷ್ಟ್ರೊಬ್ಬರು ಬದಿಯಡ್ಕದ ನನ್ನ ಅಂಗಡಿಗೆ ಕಾರು ತಂದರು. ನಿವೃತ್ತರಾಗಿ ಹತ್ತು ವರ್ಷವಾಗಿದೆ. ಕಾರು 2011ರ ಮಾಡೆಲ್, ಒಳಗೆ ಹಾರ್ಡ್ ಡಿಸ್ಕ್ ಇರುವ ಮ್ಯೂಸಿಕ್ ಸೆಟ್. ರೇಡಿಯೋ ಹಾಡುತ್ತಿತ್ತು. ಪರದೆ ಚೆನ್ನಾಗಿತ್ತು. ಆದರೆ ಡಿಸ್ಕ್‌ನಲ್ಲಿರುವ ಹಾಡಿನ ಪಟ್ಟಿ ತೆರೆದರೆ ‘ಡಿಸ್ಕ್ ಇಲ್ಲ’ ಎಂಬ ಸಂದೇಶ ಬರುತ್ತಿತ್ತು. ಮ್ಯಾಪ್ ಕೂಡ ಸುತ್ತುತ್ತಾ ಕೂತಿತ್ತು.

“ಬೇರೊಂದು ಕಡೆ ತೋರಿಸಿದೆ. ಡಿಸ್ಕ್ ಸತ್ತಿದೆ, ಇದನ್ನು ತೆಗೆದು ಆಂಡ್ರಾಯ್ಡ್ ಸ್ಟೀರಿಯೋ ಹಾಕುವ ಅಂತ ಹೇಳಿದರು. ಹಳೇದನ್ನು ಅವರೇ ಇಟ್ಟುಕೊಳ್ತಾರಂತೆ. ನನಗೆ ಮನಸ್ಸು ಬರಲಿಲ್ಲ ಮಾರಾಯ” ಎಂದರು.

ಮನಸ್ಸು ಬಾರದ್ದಕ್ಕೆ ಕಾರಣ ಇತ್ತು. ಅವರ ಅಪ್ಪ ತಾಳಮದ್ದಳೆಯ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನದ, ಅರ್ಥಧಾರಿ. ಯಾರೋ ಅಭಿಮಾನಿಗಳು ಕ್ಯಾಸೆಟ್‌ನಲ್ಲಿ ಹಿಡಿದಿಟ್ಟ ಕೂಟಗಳನ್ನು ಮಾಷ್ಟ್ರು ಹದಿನಾರು ಸಿ.ಡಿ.ಗೆ ಮಾಡಿಸಿದ್ದರು. ಆಮೇಲೆ ಆ ಸಿ.ಡಿ.ಗಳನ್ನು ಒಂದೊಂದಾಗಿ ಕಾರಿನ ಸೆಟ್ಟಿಗೆ ಹಾಕಿ ಡಿಸ್ಕ್‌ಗೆ ಇಳಿಸಿಕೊಂಡಿದ್ದರು. ಕ್ಯಾಸೆಟ್ ಈಗ ಇಲ್ಲ. ಸಿ.ಡಿ.ಗಳಿಗೆ ನಮ್ಮೂರಿನ ಮಳೆಗಾಲದಲ್ಲಿ ಬೂಷ್ಟು ಹಿಡಿದು ಒಂದೂ ಓಡುವುದಿಲ್ಲ. ಅಪ್ಪನ ಸ್ವರ ಇರುವುದು ಈ ಡಿಸ್ಕ್‌ನಲ್ಲಿ ಮಾತ್ರ.

ಅದಕ್ಕೇ ಮೊದಲೇ ಹೇಳುತ್ತೇನೆ. ಇಂಥ ಡಿಸ್ಕ್ ಓದಲು ಆಗದಿದ್ದರೆ ಅದು ಸತ್ತಿದೆ ಎಂದೇ ಅರ್ಥವಲ್ಲ. ಬೀಗ ಬಿದ್ದಿರಬಹುದು. ಆ ಬೀಗದ ಕೀಲಿಕೈ ಇರುವುದು ಹಳೆಯ ಸೆಟ್ಟಿನೊಳಗೆ. ಸೆಟ್ಟು ಗುಜರಿಗೆ ಹೋದರೆ ಕೀಲಿಕೈಯೂ ಹೋಯಿತು.

ಈ ಬೀಗ ಎಂಥದ್ದು

ಇದು ಕಾರು ಕಂಪನಿಯವರು ಹೊಸದಾಗಿ ಮಾಡಿದ್ದಲ್ಲ. ಎ.ಟಿ.ಎ. ಎಂಬ ಹಾರ್ಡ್ ಡಿಸ್ಕ್ ನಿಯಮಾವಳಿಯಲ್ಲೇ ಪಾಸ್‌ವರ್ಡ್ ಹಾಕುವ ವ್ಯವಸ್ಥೆ ಬಹಳ ಹಿಂದಿನಿಂದ ಇದೆ. ಪಾಸ್‌ವರ್ಡ್ 32 ಬೈಟ್ ಉದ್ದ. 2001ರಲ್ಲಿ ಬಂದ ಮೊದಲ ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಯ ಡಿಸ್ಕ್‌ಗೂ ಇದೇ ಬೀಗ ಇತ್ತು. ಕಾರಿನಲ್ಲಿ ಇದನ್ನು ಹಾಕುವುದು ಮ್ಯಾಪ್ ಮತ್ತು ಹಾಡುಗಳನ್ನು ಯಾರೂ ಕಂಪ್ಯೂಟರಿಗೆ ಹಾಕಿ ನಕಲು ಮಾಡಬಾರದು ಎಂದು.

ಕೆಲಸ ಮಾಡುವ ಕ್ರಮ ಸುಲಭ. ಡಿಸ್ಕ್‌ಗೆ ಕರೆಂಟು ಬಂದಾಗಲೆಲ್ಲ ಅದು ಬೀಗ ಹಾಕಿಕೊಂಡೇ ಏಳುತ್ತದೆ. ಸೆಟ್ಟು ತನ್ನಲ್ಲಿರುವ ಪಾಸ್‌ವರ್ಡ್ ಕಳಿಸುತ್ತದೆ. ಸರಿ ಇದ್ದರೆ ಬೀಗ ತೆರೆಯುತ್ತದೆ. ಕರೆಂಟು ಹೋದರೆ ಮತ್ತೆ ಬೀಗ. ನೀವು ಕೀ ತಿರುಗಿಸಿದಾಗಲೆಲ್ಲ ಇದು ನಡೆಯುತ್ತದೆ. ನಮಗೆ ಗೊತ್ತಾಗುವುದಿಲ್ಲ ಅಷ್ಟೆ.

ಡಿಸ್ಕ್ ಹೋಲಿಸಿ ನೋಡುವ ತನ್ನ ಪಾಸ್‌ವರ್ಡ್ ಇರುವುದು ಅದರ ಹಸಿರು ಬೋರ್ಡ್ ಮೇಲಲ್ಲ. ಒಳಗಿನ ತಟ್ಟೆಯಲ್ಲಿ, ನಮಗೆ ಕಾಣದ ಒಂದು ಭಾಗದಲ್ಲಿ. ಹಾಗಾಗಿ ಇನ್ನೊಂದು ಡಿಸ್ಕ್‌ನ ಬೋರ್ಡ್ ತಂದು ಕೂರಿಸಿದರೆ ಬೀಗ ಬಿಡುವುದಿಲ್ಲ. ಹಾಗೆ ಮಾಡಿ ಒಳ್ಳೆಯ ಡಿಸ್ಕನ್ನು ಕೆಡಿಸಿ ತಂದವರನ್ನು ನೋಡಿದ್ದೇನೆ.

ಮೊದಲು ಕರೆಂಟು ನೋಡಿ

ಬೀಗದ ಯೋಚನೆಗೆ ಹೋಗುವ ಮುಂಚೆ ಬ್ಯಾಟರಿಗೆ ಮಲ್ಟಿಮೀಟರ್ ಇಡಿ. ಇಂಜಿನ್ ನಿಂತಿರುವಾಗ 12.6 ವೋಲ್ಟ್ ಹತ್ತಿರ ಇರಬೇಕು. ಓಡುವಾಗ 13.8ರಿಂದ 14.4. ಇಲ್ಲಿ ಮಳೆಗಾಲದಲ್ಲಿ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿ ಮುಟ್ಟದೆ ಬಿಡುವುದು ಜಾಸ್ತಿ. ಬ್ಯಾಟರಿ ಇಳಿದಿರುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಪರದೆ ಹೊತ್ತಿದರೂ ಡಿಸ್ಕ್ ತಿರುಗಲು ಬೇಕಾದಷ್ಟು ಕರೆಂಟು ಸಿಗದೆ ಹೋಗಬಹುದು. ಎರಡೂವರೆ ಇಂಚಿನ ಡಿಸ್ಕ್‌ಗೆ ಬೇಕಾದ್ದು 5 ವೋಲ್ಟ್. ಸೆಟ್ಟಿನೊಳಗಿನ ಬೋರ್ಡ್ 12ರಿಂದ 5ಕ್ಕೆ ಇಳಿಸಿ ಕೊಡುತ್ತದೆ. ಆ 5 ವೋಲ್ಟ್ 4.75ಕ್ಕಿಂತ ಕೆಳಗೆ ಬರಬಾರದು. ಮಾಷ್ಟ್ರ ಕಾರಿನಲ್ಲಿ ಇದೆಲ್ಲ ಸರಿ ಇತ್ತು.

ಸೆಟ್ಟು ಬಿಚ್ಚುವಾಗ ಅವಸರ ಬೇಡ. ರೇಡಿಯೋ ಕೋಡ್ ಕೇಳುವ ಸೆಟ್ಟಾದರೆ ಕೋಡ್ ಕೈಯಲ್ಲಿ ಇದೆಯಾ ಎಂದು ಮೊದಲೇ ನೋಡಿ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಕಾಲು ಗಂಟೆ ಸುಮ್ನೆ ಕೂರಿ. ಡ್ಯಾಶ್‌ಬೋರ್ಡ್ ಹತ್ತಿರ ಏರ್‌ಬ್ಯಾಗ್ ತಂತಿಗಳಿವೆ. ಕೆಲವು ಕಾರುಗಳಲ್ಲಿ ಸೆಟ್ಟಿನಿಂದ ಆಂಪ್ಲಿಫೈಯರ್‌ಗೆ ತಾಮ್ರದ ತಂತಿಯ ಬದಲು ಬೆಳಕು ಸಾಗಿಸುವ ಫೈಬರ್ ಇರುತ್ತದೆ, ಕಿತ್ತಳೆ ಅಥವಾ ಹಸಿರು ಹೊದಿಕೆಯದ್ದು. ಅದನ್ನು ಮಡಚಬಾರದು. 25 ಮಿಲಿಮೀಟರ್ ತ್ರಿಜ್ಯಕ್ಕಿಂತ ಸಣ್ಣ ಬಳುಕು ಕೊಟ್ಟರೆ ಬೆಳಕು ಸೋರಿಹೋಗುತ್ತದೆ. ತುದಿಗೆ ಬೆರಳು ತಾಗಿಸಬೇಡಿ. ಬೆರಳಿನ ಎಣ್ಣೆಯೇ ಅಡ್ಡ ಆಗುತ್ತದೆ.

ಡಿಸ್ಕ್ ಹೊರಗೆ ಬಂದ ಮೇಲೆ

ಇಲ್ಲೇ ಜನ ತಪ್ಪುವುದು. ಡಿಸ್ಕನ್ನು ಯು.ಎಸ್.ಬಿ. ಕೇಸಿಗೆ ಹಾಕಿ ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚುತ್ತಾರೆ. ವಿಂಡೋಸ್ ‘ಇನಿಶಿಯಲೈಸ್ ಮಾಡಲಾ?’ ಅಥವಾ ‘ಫಾರ್ಮ್ಯಾಟ್ ಮಾಡಲಾ?’ ಎಂದು ಕೇಳುತ್ತದೆ. ಮಾಡು ಎಂದು ಒತ್ತುತ್ತಾರೆ. ಡಿಸ್ಕ್‌ಗೆ ಬೀಗ ಇದ್ದರೆ ಏನೂ ಆಗದು, ಬೀಗವೇ ಕಾಯುತ್ತದೆ. ಆದರೆ ಬೀಗ ಇಲ್ಲದೆ ಬರೀ ವಿಂಡೋಸಿಗೆ ಗೊತ್ತಿಲ್ಲದ ಕಡತ ವ್ಯವಸ್ಥೆ ಇದ್ದರೆ? ಎಷ್ಟೋ ಕಾರಿನ ಸೆಟ್ಟುಗಳು ಓಡುವುದು ಕ್ಯೂ.ಎನ್.ಎಕ್ಸ್. ಎಂಬ ಬೇರೆಯೇ ವ್ಯವಸ್ಥೆಯಲ್ಲಿ. ಆಗ ಆ ಒಂದು ಕ್ಲಿಕ್ಕಿಗೆ ಎಲ್ಲ ಅಳಿಸಿಹೋಗಬಹುದು. ದಯವಿಟ್ಟು ಒತ್ತಬೇಡಿ.

ಲ್ಯಾಪ್‌ಟಾಪ್ ಒಳಗೇ ಡಿಸ್ಕ್ ಕೂರಿಸಿ ಆನ್ ಮಾಡಿದರೆ ಕೆಲವು ಯಂತ್ರಗಳು ಹಾರ್ಡ್ ಡಿಸ್ಕ್ ಪಾಸ್‌ವರ್ಡ್ ಕೇಳುತ್ತವೆ. ಆಗ ಬೀಗ ಇದೆ ಎಂದು ಅಲ್ಲೇ ತಿಳಿಯಿತು. ಊಹೆ ಮಾಡಿ ಏನೇನೋ ಹಾಕಬೇಡಿ. ಐದು ಸಲ ತಪ್ಪಿದರೆ ಕರೆಂಟು ತೆಗೆದು ಕೊಡುವವರೆಗೆ ಡಿಸ್ಕ್ ಮತ್ತೆ ಪಾಸ್‌ವರ್ಡ್ ತೆಗೆದುಕೊಳ್ಳುವುದಿಲ್ಲ. ಅದರಿಂದ ಒಳಗಿರುವುದು ಅಳಿಸಿಹೋಗುವುದಿಲ್ಲ, ಹೆದರಬೇಡಿ. ಆದರೆ 32 ಬೈಟಿನ ಪಾಸ್‌ವರ್ಡನ್ನು ಊಹಿಸಿ ತೆರೆಯಲು ಒಂದು ಜನ್ಮ ಸಾಲದು.

ನಾನು ಮಾಡುವುದು ಹೀಗೆ. ಒಂದು ಹಳೆಯ ಡೆಸ್ಕ್‌ಟಾಪ್ ಇದೆ. ಅದರ ಸಾಟಾ ಪೋರ್ಟಿಗೆ, ಅಂದರೆ ಹಾರ್ಡ್ ಡಿಸ್ಕ್ ಜೋಡಿಸುವ ಜಾಗಕ್ಕೆ, ಡಿಸ್ಕನ್ನು ನೇರ ಜೋಡಿಸುತ್ತೇನೆ. ಯು.ಎಸ್.ಬಿ. ಕೇಸಿನ ಚಿಪ್‌ಗಳಲ್ಲಿ ಎಷ್ಟೋ ಚಿಪ್‌ಗಳು ಬೀಗಕ್ಕೆ ಸಂಬಂಧಿಸಿದ ಆಜ್ಞೆಗಳನ್ನು ಆಚೆ ದಾಟಿಸುವುದೇ ಇಲ್ಲ. ಆಗ ನಮಗೆ ಸಿಗುವ ಉತ್ತರ ಡಿಸ್ಕ್‌ನದ್ದೋ ಚಿಪ್ಪಿನದ್ದೋ ಗೊತ್ತಾಗುವುದಿಲ್ಲ. ಪೆನ್ ಡ್ರೈವಿನಿಂದ ಲಿನಕ್ಸ್ ಓಡಿಸಿ ‘ಎಚ್‌ಡಿಪಾರ್ಮ್’ ಎಂಬ ಆಜ್ಞೆಗೆ ದೊಡ್ಡಕ್ಷರದ ‘ಐ’ ಆಯ್ಕೆ ಕೊಟ್ಟರೆ ಡಿಸ್ಕ್ ತನ್ನ ಜಾತಕ ಹೇಳುತ್ತದೆ. ಕೆಳಗೆ ‘ಸೆಕ್ಯೂರಿಟಿ’ ಎಂಬ ಭಾಗ ಇರುತ್ತದೆ. ಅದರಲ್ಲಿ ‘ಎನೇಬಲ್ಡ್’ ಎಂದರೆ ಪಾಸ್‌ವರ್ಡ್ ಇಟ್ಟಿದ್ದಾರೆ ಎಂದು. ‘ಲಾಕ್ಡ್’ ಎಂದರೆ ಈ ಕ್ಷಣ ಬೀಗ ಬಿದ್ದಿದೆ ಎಂದು. ಹಿಂದೆ ‘ನಾಟ್’ ಇದೆಯಾ ಇಲ್ಲವಾ ಎಂದು ಕಣ್ಣಿಟ್ಟು ನೋಡಿ. ‘ಫ್ರೋಜನ್’ ಎಂಬ ಇನ್ನೊಂದು ಸಾಲು ಇದೆ. ಅದು ಡಿಸ್ಕ್‌ನ ದೋಷ ಅಲ್ಲ. ಕಂಪ್ಯೂಟರಿನ ಬಯಾಸ್ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಏಳುವಾಗಲೇ ಬೀಗದ ಆಜ್ಞೆಗಳನ್ನು ತಡೆದಿದೆ ಎಂದಷ್ಟೇ. ಒಮ್ಮೆ ಸ್ಲೀಪ್ ಮಾಡಿಸಿ ಎಬ್ಬಿಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಮುಖ್ಯವಾದ ಇನ್ನೊಂದು ಸಾಲು ‘ಸೆಕ್ಯೂರಿಟಿ ಲೆವೆಲ್’. ಡಿಸ್ಕ್‌ಗೆ ಮಾಮೂಲಿ ಪಾಸ್‌ವರ್ಡ್ ಅಲ್ಲದೆ ಮಾಸ್ಟರ್ ಎಂಬ ಎರಡನೆಯದೂ ಇರುತ್ತದೆ. ಅಲ್ಲಿ ‘ಹೈ’ ಎಂದಿದ್ದರೆ ಮಾಸ್ಟರ್ ಪಾಸ್‌ವರ್ಡ್ ಗೊತ್ತಿರುವವರು ಮಾಹಿತಿ ಉಳಿಸಿಕೊಂಡೇ ಬೀಗ ತೆಗೆಯಬಹುದು. ‘ಮ್ಯಾಕ್ಸಿಮಮ್’ ಎಂದಿದ್ದರೆ ಮಾಸ್ಟರ್ ಪಾಸ್‌ವರ್ಡಿನಿಂದ ಆಗುವುದು ಒಂದೇ ಕೆಲಸ, ಎಲ್ಲವನ್ನೂ ಅಳಿಸುವುದು. ‘ಬೀಗ ತೆಗೆಯುವ ಸುಲಭ ದಾರಿ’ ಎಂದು ಅಲ್ಲಲ್ಲಿ ಹೇಳಿಕೊಡುವ ‘ಸೆಕ್ಯೂರಿಟಿ ಇರೇಸ್’ ಆಜ್ಞೆಯೂ ಮಾಡುವುದು ಅದನ್ನೇ. ಬೀಗ ಹೋಗುತ್ತದೆ, ಒಳಗಿದ್ದದ್ದೂ ಹೋಗುತ್ತದೆ. ಖಾಲಿ ಡಿಸ್ಕ್ ಬೇಕಾದವರಿಗೆ ಅದು ಸರಿ. ಅಪ್ಪನ ಸ್ವರ ಬೇಕಾದವರಿಗೆ ಅಲ್ಲ.

ಬೀಗವೋ, ಕಾಯಿಲೆಯೋ?

ಇದನ್ನು ಹೇಳಲಿಕ್ಕೇ ಇಷ್ಟು ಬರೆದೆ. ಬೀಗ ಬಿದ್ದ ಡಿಸ್ಕ್ ಮತ್ತು ಸಾಯುತ್ತಿರುವ ಡಿಸ್ಕ್ ಎರಡೂ ‘ಓದಲಾಗುತ್ತಿಲ್ಲ’ ಎಂದೇ ಹೇಳುತ್ತವೆ. ಆದರೆ ಹೇಳುವ ರೀತಿ ಬೇರೆ.

ಬೀಗ ಬಿದ್ದ ಡಿಸ್ಕ್ ಸದ್ದಿಲ್ಲದೆ ತಿರುಗುತ್ತದೆ. ಕೈಯಿಟ್ಟರೆ ಸಣ್ಣ ನಡುಕ ಮಾತ್ರ. ತನ್ನ ಮಾಡೆಲ್, ಸೀರಿಯಲ್ ನಂಬರ್, ಗಾತ್ರ ಎಲ್ಲವನ್ನೂ ಸರಿಯಾಗಿ ಹೇಳುತ್ತದೆ. ಮೊದಲ ಸೆಕ್ಟರ್, ಅಂದರೆ ಮಾಹಿತಿಯ ಮೊದಲ ತುಂಡು, ಓದಲು ಹೇಳಿದರೆ ತಕ್ಷಣ ‘ಇಲ್ಲ’ ಎನ್ನುತ್ತದೆ. ನಡುವಿನದ್ದು ಕೇಳಿದರೂ ತಕ್ಷಣ ಇಲ್ಲ. ಕೊನೆಯದ್ದು ಕೇಳಿದರೂ ತಕ್ಷಣ ಇಲ್ಲ. ಒಂದು ಚೂರೂ ತಡ ಮಾಡುವುದಿಲ್ಲ, ಯಾಕೆಂದರೆ ಅದು ಪ್ರಯತ್ನವನ್ನೇ ಮಾಡುತ್ತಿಲ್ಲ.

ಕಾಯಿಲೆಯ ಡಿಸ್ಕ್ ಪ್ರಯತ್ನ ಮಾಡುತ್ತದೆ. ಒಂದು ಸೆಕ್ಟರಿಗೆ ಹಲವು ಸೆಕೆಂಡು ತಿಣುಕುತ್ತದೆ. ಟಿಕ್ ಟಿಕ್ ಎಂದು ಓದುವ ಹೆಡ್ ಹಿಂದೆ ಮುಂದೆ ಹೋಗುವ ಸದ್ದು ಕೇಳುತ್ತದೆ. ಕೆಲವು ಸೆಕ್ಟರ್ ಬರುತ್ತವೆ, ಕೆಲವು ಬರುವುದಿಲ್ಲ. ಹೀಗೆ ಕಂಡರೆ ಮತ್ತೆ ಮತ್ತೆ ಓಡಿಸಬೇಡಿ. ಪ್ರತಿ ಸಲ ಓಡಿಸಿದಾಗಲೂ ಇನ್ನಷ್ಟು ಹೋಗುತ್ತದೆ.

ಮೂರನೆಯದು ತನ್ನ ಹೆಸರನ್ನೂ ಹೇಳದ ಡಿಸ್ಕ್. ಅದು ಬೋರ್ಡಿನ, ಕೇಬಲಿನ ಅಥವಾ ಡಿಸ್ಕ್ ಒಳಗಿನದ್ದೇ ಸಮಸ್ಯೆ ಇರಬಹುದು. ಬೀಗಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಅನುಕೂಲ ಇದೆ. ಬೀಗ ಬಿದ್ದಿದ್ದರೂ ಡಿಸ್ಕ್‌ನ ಆರೋಗ್ಯ ದಾಖಲೆ, ಅಂದರೆ ಸ್ಮಾರ್ಟ್ ಪಟ್ಟಿಯನ್ನು ಓದಬಹುದು. ಅದರಲ್ಲಿ ಮೂರು ಸಾಲು ನೋಡಿದರೆ ಸಾಕು. 5ನೇ ನಂಬರ್ ಹಾಳಾಗಿ ಬದಲಿ ಕೊಟ್ಟ ಸೆಕ್ಟರುಗಳು. 197ನೇ ನಂಬರ್ ಅನುಮಾನದಲ್ಲಿರುವ ಸೆಕ್ಟರುಗಳು. 199ನೇ ನಂಬರ್ ಕೇಬಲಿನಲ್ಲಿ ಬರುವಾಗ ಕೆಟ್ಟುಹೋದ ಸಂದೇಶಗಳ ಲೆಕ್ಕ.

ಮಾಷ್ಟ್ರ ಡಿಸ್ಕ್ ಏನು ಹೇಳಿತು ಗೊತ್ತಾ? ಎನೇಬಲ್ಡ್, ಲಾಕ್ಡ್. 5 ಸೊನ್ನೆ. 197 ಸೊನ್ನೆ. 199 ಮಾತ್ರ ಸಾವಿರ ದಾಟಿತ್ತು.

ನಾನು ಆ ಸಂಖ್ಯೆಯನ್ನು ನೋಡಿ ಎದ್ದು ನಿಂತೆ. ಡಿಸ್ಕ್‌ಗೆ ಏನೂ ಆಗಿಲ್ಲ. ಸೆಟ್ಟು ಪಾಸ್‌ವರ್ಡ್ ಕಳಿಸುತ್ತಿದೆ, ಅದು ಡಿಸ್ಕ್‌ಗೆ ಸರಿಯಾಗಿ ತಲುಪುತ್ತಿಲ್ಲ. ಬೀಗವೂ ಸರಿ ಇದೆ, ಕೀಲಿಕೈಯೂ ಸರಿ ಇದೆ. ನಡುವಿನ ದಾರಿ ಕೆಟ್ಟಿದೆ.

ದಾರಿ ಎಲ್ಲಿ ಕೆಟ್ಟಿತ್ತು

ಸೆಟ್ಟಿನ ಮುಚ್ಚಳ ತೆಗೆದು ಡಿಸ್ಕ್ ಕೂರುವ ಜಾಗಕ್ಕೆ ಟಾರ್ಚ್ ಹಿಡಿದೆ. ಅಲ್ಲಿಂದ ದೊಡ್ಡ ಬೋರ್ಡಿಗೆ ಒಂದು ಅಗಲದ ಪಟ್ಟಿ ಕೇಬಲ್ ಹೋಗುತ್ತದೆ. ಅದರ ಕನೆಕ್ಟರಿನ ಒಂದು ಮೂಲೆಯಲ್ಲಿ ಮೈಲುತುತ್ತಿನ ಬಣ್ಣ. ತೋಟ ಇರುವವರಿಗೆ ಹೇಳಬೇಕಾಗಿಲ್ಲ. ಅಡಿಕೆಗೆ ಮದ್ದು ಬಿಡುವಾಗ ಕೈಗೆ ಅಂಟುವ ಅದೇ ನೀಲಿ ಹಸಿರು. ತಾಮ್ರಕ್ಕೆ ತೇವ ತಾಗಿದರೆ ಹಿಡಿಯುವ ಕಿಲುಬು. ನಮ್ಮ ಕಾಸರಗೋಡಿನಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ನೀರು. ಕುಂಬಳೆ, ಉಪ್ಪಳದ ಕಡಲ ಬದಿಯಲ್ಲಾದರೆ ಉಪ್ಪೂ ಸೇರುತ್ತದೆ. ಮಾಷ್ಟ್ರ ಕಾರು ಮೂರು ತಿಂಗಳು ತಗಡಿನ ಶೆಡ್ಡಿನಲ್ಲಿ, ಮೇಲೆ ಟಾರ್ಪಾಲು ಹೊದ್ದು ನಿಂತಿತ್ತು. ಟಾರ್ಪಾಲು ಹೊರಗಿನ ಮಳೆ ತಡೆಯುತ್ತದೆ, ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ.

ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತಗಿನ ಬ್ರಷ್ ತೆಗೆದುಕೊಂಡು ಒಂದೊಂದು ಕಾಲನ್ನೂ ಉಜ್ಜಿದೆ. ಪೆಟ್ರೋಲ್, ತಿನ್ನರ್ ಹಾಕಬೇಡಿ, ಪ್ಲಾಸ್ಟಿಕ್ ಕರಗುತ್ತದೆ. ಉಪ್ಪುಕಾಗದವೂ ಬೇಡ, ಮೇಲಿನ ಚಿನ್ನದ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಿಲುಬು ಹಿಡಿಯುತ್ತದೆ. ಪಟ್ಟಿ ಕೇಬಲಿನ ತುದಿಯಲ್ಲಿ ಎರಡು ಗೆರೆ ತಿಂದುಹೋಗಿದ್ದವು. ಅದನ್ನು ಬದಲಿಸಿದೆ. ಅಷ್ಟೇ ಗೆರೆ, ಅಷ್ಟೇ ಅಂತರ, ಅಷ್ಟೇ ಉದ್ದದ್ದು ಸಿಗುವವರೆಗೆ ನಾಲ್ಕು ದಿನ ಕಾಯಬೇಕಾಯಿತು. ಉದ್ದ ಜಾಸ್ತಿ ಇರುವುದನ್ನು ಮಡಚಿ ತುರುಕಬೇಡಿ.

ಮೇಜಿನ ಮೇಲೆ 12 ವೋಲ್ಟ್ ಸಪ್ಲೈಗೆ ಸೆಟ್ಟು ಜೋಡಿಸಿ ಆನ್ ಮಾಡಿದೆ. ಅರ್ಧ ನಿಮಿಷದಲ್ಲಿ ಹಾಡಿನ ಪಟ್ಟಿ ಬಂತು. ಪಕ್ಕದ ಅಂಗಡಿಯ ಎಲೆಕ್ಟ್ರಿಷಿಯನ್ ಏಟ್ಟನ್ (ಮಲಯಾಳದಲ್ಲಿ ಅಣ್ಣ) ಕೂಡ ಓಡಿ ಬಂದು ನೋಡಿದರು.

ಕೇಬಲ್ ನಿಜವಾಗಿ ಸರಿಯಾಯಿತಾ ಎಂದು ತಿಳಿಯಲು ಒಂದು ಉಪಾಯ ಇದೆ. 199ನೇ ಸಂಖ್ಯೆ ಯಾವತ್ತೂ ಇಳಿಯುವುದಿಲ್ಲ. ಹಳೆಯ ಲೆಕ್ಕ ಹಾಗೇ ಇರುತ್ತದೆ. ಆದ್ದರಿಂದ ರಿಪೇರಿಗೆ ಮುಂಚೆ ಎಷ್ಟಿತ್ತು ಎಂದು ಬರೆದಿಡಿ. ಎರಡು ದಿನ ಓಡಿಸಿದ ಮೇಲೆ ಮತ್ತೆ ನೋಡಿ. ಏರದಿದ್ದರೆ ಸರಿಯಾಯಿತು. ಏರಿದ್ದರೆ ಇನ್ನೂ ಎಲ್ಲೋ ಕಿಲುಬು ಉಳಿದಿದೆ.

ಈಗ ನಕಲು ತೆಗೆಯುವುದು

ಬೀಗ ತೆರೆದರೂ ಕೆಲಸ ಮುಗಿಯಲಿಲ್ಲ. ಈ ಸೆಟ್ಟು ಡಿಸ್ಕ್‌ಗೆ ಇಳಿಸಿದ ಹಾಡನ್ನು ಪೆನ್ ಡ್ರೈವಿಗೆ ಹಾಕಿ ಕೊಡುವುದಿಲ್ಲ. ಹಾಗಾಗಿ ಎರಡು ದಾರಿ ಇತ್ತು.

ಒಂದು, ಸೆಟ್ಟು ಬೀಗ ತೆರೆದ ಮೇಲೆ ಡಿಸ್ಕ್‌ಗೆ ಬರುವ ಕರೆಂಟನ್ನು ಹಾಗೇ ಇಟ್ಟುಕೊಂಡು, ಡೇಟಾ ಕೇಬಲನ್ನು ಮಾತ್ರ ಕಿತ್ತು ಕಂಪ್ಯೂಟರಿಗೆ ಹಾಕುವುದು. ಕರೆಂಟು ಹೋಗದಿದ್ದರೆ ಬೀಗ ಬೀಳುವುದಿಲ್ಲ ಎಂಬುದು ಇದರ ಲೆಕ್ಕ. ಸಾಟಾದಲ್ಲಿ ಕರೆಂಟಿನ ಮತ್ತು ಡೇಟಾದ ಕನೆಕ್ಟರ್ ಬೇರೆ ಬೇರೆ ಆದ್ದರಿಂದ ಇದು ಸಾಧ್ಯ. ಹಳೆಯ ಎರಡೂವರೆ ಇಂಚಿನ ಐ.ಡಿ.ಇ. ಡಿಸ್ಕ್‌ಗಳಲ್ಲಿ ಎರಡೂ ಒಂದೇ 44 ಪಿನ್ನಿನಲ್ಲಿ ಬರುವುದರಿಂದ ಅಲ್ಲಿ ಇದಕ್ಕೆ ಕೈಹಾಕಬಾರದು. ಸಾಟಾದಲ್ಲೂ ಅಪಾಯ ಇದೆ. ಸೆಟ್ಟಿನ ಮತ್ತು ಕಂಪ್ಯೂಟರಿನ ಗ್ರೌಂಡ್ ಒಂದಾಗಿರಬೇಕು. ಕೈ ಜಾರಿದರೆ ಬೋರ್ಡ್ ಸುಡಬಹುದು. ಕೆಲವು ಡಿಸ್ಕ್‌ಗಳು ಕೇಬಲ್ ಬದಲಾದ ಕೂಡಲೇ ಮತ್ತೆ ಬೀಗ ಹಾಕಿಕೊಳ್ಳುತ್ತವೆ. ಬೇರೆ ಕಡೆ ನಕಲು ಇರುವ ಡಿಸ್ಕ್ ಆದರೆ ನಾನು ಇದನ್ನು ಮಾಡಿಯೇನು. ಇರುವುದು ಇದೊಂದೇ ಎಂದಾಗ ನನಗೆ ಧೈರ್ಯ ಬರಲಿಲ್ಲ.

ಇನ್ನೊಂದು ದಾರಿ ನಿಧಾನದ್ದು. ಸೆಟ್ಟಿನಲ್ಲಿ ಹಾಡಿಸಿ ಇನ್ನೊಂದರಲ್ಲಿ ರೆಕಾರ್ಡ್ ಮಾಡುವುದು. ಇದನ್ನೇ ಮಾಡಿದೆ. ಸ್ಪೀಕರಿಗೆ ಹೋಗುವ ತಂತಿಯಿಂದ, ಅದರ ಜೋರು ಸಿಗ್ನಲನ್ನು ಇಳಿಸಿ ಕೊಡುವ ಹೈ-ಲೋ ಕನ್ವರ್ಟರ್ ಮೂಲಕ ಲ್ಯಾಪ್‌ಟಾಪಿಗೆ. ಒಂದು ಎಚ್ಚರ. ಕಾರಿನ ಆಂಪ್ಲಿಫೈಯರಿನಲ್ಲಿ ಸ್ಪೀಕರಿನ ನೆಗೆಟಿವ್ ತಂತಿ ಗ್ರೌಂಡ್ ಅಲ್ಲ. ಎರಡೂ ತಂತಿಯಲ್ಲಿ ಸಿಗ್ನಲ್ ಇರುತ್ತದೆ. ಅದನ್ನು ಲ್ಯಾಪ್‌ಟಾಪಿನ ಗ್ರೌಂಡಿಗೆ ಸೇರಿಸಿದರೆ ಆಂಪ್ಲಿಫೈಯರ್ ಹೋಗುತ್ತದೆ. ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಕನ್ವರ್ಟರೇ ಬೇಕು.

ಹದಿನಾರು ಸಿ.ಡಿ., ಹತ್ತಿರ ಹತ್ತಿರ 18 ಗಂಟೆ. ಮೂರು ರಾತ್ರಿ ಬೇಕಾಯಿತು. ತಾಳಮದ್ದಳೆಯನ್ನು ರಾತ್ರಿ ಕೂತು ಕೇಳುವುದು ನಮಗೆ ಹೊಸದಲ್ಲ ಅಲ್ವಾ? ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆ ಇಲ್ಲಿಂದ ದೂರ ಇಲ್ಲ. ಮಾಷ್ಟ್ರು ಮನೆಗೆ ಹೋಗಲಿಲ್ಲ. ಸ್ಟೂಲ್ ಹಾಕಿ ಕೂತರು. ಚೆಂಡೆಯ ಸದ್ದಿಗೆ ಮೀಟರ್ ಕೆಂಪಿಗೆ ಏರುತ್ತಿತ್ತು. ಮಟ್ಟ ಇಳಿಸಿ ಮತ್ತೆ ಮೊದಲಿಂದ ಹಿಡಿದೆ. ನೀವೂ ಚೆಂಡೆ ಜೋರಾಗಿ ಬರುವ ಜಾಗವನ್ನು ಮೊದಲು ಹಾಡಿಸಿ ಮಟ್ಟ ಹೊಂದಿಸಿಕೊಳ್ಳಿ. ಅರ್ಥದ ಮಾತು ಸ್ವಲ್ಪ ಮೆತ್ತಗೆ ಬಂದರೂ ಆಮೇಲೆ ಏರಿಸಬಹುದು, ಒಡೆದ ಸದ್ದನ್ನು ಸರಿ ಮಾಡಲು ಆಗುವುದಿಲ್ಲ. ಎರಡನೇ ರಾತ್ರಿ ಒಂದು ಕಡೆ ಅವರ ಅಪ್ಪ ಮಾತಿನ ನಡುವೆ ಕೆಮ್ಮಿದರು. ಮಾಷ್ಟ್ರು “ಆ ವರ್ಷ ಜ್ವರ ಇತ್ತು” ಎಂದು ಹೇಳಿ ಮುಖ ಒರೆಸಿಕೊಂಡರು.

ಸೆಟ್ಟೇ ಸತ್ತಿದ್ದರೆ?

ಆಗ ಮೊದಲ ಕೆಲಸ ಡಿಸ್ಕನ್ನು ಬಿಟ್ಟು ಸೆಟ್ಟನ್ನು ರಿಪೇರಿ ಮಾಡುವುದು. ಅದೇ ಮಾಡೆಲಿನ ಇನ್ನೊಂದು ಸೆಟ್ಟು ತಂದರೆ ಆಗುತ್ತದೆ ಎಂದು ನಂಬಿ ಹಣ ಕೊಡಬೇಡಿ. ಎರಡರ ಪಾಸ್‌ವರ್ಡ್ ಒಂದೇ ಆಗಿರಬೇಕೆಂದಿಲ್ಲ. ಸೆಟ್ಟನ್ನು ಎಬ್ಬಿಸಲು ಆಗುವುದೇ ಇಲ್ಲ ಎಂದಾದರೆ ಪಿಸಿ-3000 ಥರದ ಉಪಕರಣ ಇರುವ ಡೇಟಾ ರಿಕವರಿ ಲ್ಯಾಬಿಗೆ ಕಳಿಸಿ. ಡಿಸ್ಕ್ ಜೊತೆ ಸೆಟ್ಟನ್ನೂ ಕಳಿಸಿ. ಅವರು ಡಿಸ್ಕ್‌ನ ಒಳಗಿನ ಆ ಕಾಣದ ಭಾಗಕ್ಕೆ ಹೋಗಿ ನೋಡಬಲ್ಲರು. ಖರ್ಚು ಇದೆ. ಮೊದಲೇ ಕೇಳಿಕೊಳ್ಳಿ.

ಕಾರಿನ ಡಿಸ್ಕ್ ಬದಲು ಲ್ಯಾಪ್‌ಟಾಪ್ ಡಿಸ್ಕ್ ಹಾಕಿ ಕೊಡಿ ಎಂದು ಕೇಳುವವರಿದ್ದಾರೆ. ಕಾರಿಗೆಂದೇ ಮಾಡಿದ ಡಿಸ್ಕ್‌ಗಳು ಮೈನಸ್ 30ರಿಂದ 85 ಡಿಗ್ರಿವರೆಗೆ ತಡೆಯುತ್ತವೆ, ತಿರುಗುವುದೂ ನಿಧಾನ, ನಿಮಿಷಕ್ಕೆ 4200 ಸುತ್ತು. ಲ್ಯಾಪ್‌ಟಾಪ್ ಡಿಸ್ಕ್ ಮೇ ತಿಂಗಳ ಬಿಸಿಲಿಗೆ ಮುಚ್ಚಿದ ಕಾರಿನಲ್ಲಿ ಜಾಸ್ತಿ ದಿನ ಬಾಳದು.

ಯಾರದ್ದೋ ಸೆಟ್ಟು ತಂದು ಬೀಗ ತೆಗೆದು ಕೊಡಿ ಎಂದರೆ ನಾನು ಮಾಡುವುದಿಲ್ಲ. ಆರ್.ಸಿ. ನೋಡುತ್ತೇನೆ, ಕಾರು ನೋಡುತ್ತೇನೆ. ಅದರೊಳಗೆ ಹಿಂದಿನವರ ಫೋನ್ ನಂಬರುಗಳು, ಹೋಗಿ ಬಂದ ದಾರಿಗಳು ಇರುತ್ತವೆ. ನೀವೂ ಕಾರು ಮಾರುವಾಗ ಸೆಟ್ಟಿನ ಮೆನುವಿನಲ್ಲೇ ಇರುವ ಫ್ಯಾಕ್ಟರಿ ರೀಸೆಟ್ ಮಾಡಿ ಕೊಡಿ.

ಮಾಷ್ಟ್ರಿಗೆ ಎರಡು ಪೆನ್ ಡ್ರೈವ್ ಮತ್ತು ಒಂದು ಹಾರ್ಡ್ ಡಿಸ್ಕ್‌ನಲ್ಲಿ ಎಲ್ಲವನ್ನೂ ಹಾಕಿ ಕೊಟ್ಟೆ. ಒಂದು ಪೆನ್ ಡ್ರೈವ್ ದುಬೈಯಲ್ಲಿರುವ ಮಗನಿಗೆ ಹೋಯಿತು. ಹಳೆಯ ಸೆಟ್ಟು ಮತ್ತೆ ಅದೇ ಕಾರಿನಲ್ಲಿ ಕೂತಿದೆ. ಮುಚ್ಚಳ ಹಾಕುವ ಮುಂಚೆ ಒಳಗೆ ಒಂದು ಚೀಟಿ ಅಂಟಿಸಿದೆ: ‘ಈ ಡಿಸ್ಕ್‌ಗೆ ಈ ಸೆಟ್ಟೇ ಕೀಲಿಕೈ. ಬೇರೆ ಮಾಡಬೇಡಿ. ಮೊದಲು ಪಟ್ಟಿ ಕೇಬಲ್ ನೋಡಿ.’ ಮುಂದೆ ಬಿಚ್ಚುವವರಿಗೆ ಕನ್ನಡ ಓದಲು ಬಾರದೆ ಇರಬಹುದು ಎಂದು ಏಟ್ಟನ್ ಕೈಯಲ್ಲಿ ಕೆಳಗೆ ಮಲಯಾಳದಲ್ಲೂ ಬರೆಸಿದ್ದೇನೆ.